ಓದುಗರ ಪ್ರಶ್ನೆ–ಉತ್ತರ: ಕಾಯಿಲೆಯ ಕಾಲದಲ್ಲಿ ಕಾಡಂಚಿನ ಬಾನುಲಿ

ಕಳೆದ ಸಂಚಿಕೆಯಲ್ಲಿ ಕಾಡಿನಲ್ಲಿ ಉಣುಗು ಎಂಬ ಸಣ್ಣ ಹುಳು ಕಚ್ಚಿ ಬರುವ ಮಂಗನ ಕಾಯಿಲೆಯ ಬಗ್ಗೆ ಉತ್ತರಿಸುವಾಗ, ಗಿರಿಜನ ಕಾಲೊನಿಗಳಿಗೆ ಆರೋಗ್ಯದ ಮಾತು ತಲುಪಬೇಕಾದರೆ ಅಲ್ಲಿಯವರೇ ದನಿಗೂಡಿಸುವ ಸಮುದಾಯ ಬಾನುಲಿಗಿಂತ (ಕಮ್ಯುನಿಟಿ ರೇಡಿಯೊ) ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲನ್ನು ಹಿಡಿದುಕೊಂಡು ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಓದುಗರು ಬರೆದ ಪತ್ರಗಳೇ ಈ ಬಾರಿ ಹೆಚ್ಚಾಗಿ ಬಂದಿವೆ. ಅವುಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಕೊಪ್ಪ ತಾಲ್ಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಮಂಗನ ಕಾಯಿಲೆಯ ಭಯ ಶುರುವಾಗುತ್ತದೆ. ನಾವು ಕೆಲವು ಗೆಳತಿಯರು ಸೇರಿ ಒಂದಿಷ್ಟು ಹಣ ಕೂಡಿಸಿದ್ದೇವೆ. ಅದನ್ನು ಆದಿವಾಸಿಗಳಿಗಾಗಿ ಕೆಲಸ ಮಾಡುವ ಸಮುದಾಯ ಬಾನುಲಿಗೆ ಕೊಡಬೇಕೆಂದಿದ್ದೇವೆ. ರೇಡಿಯೊ ಸೆಟ್ಟುಗಳನ್ನು ಹಂಚುವುದೋ, ಯಂತ್ರ ಕೊಡಿಸುವುದೋ, ಅಥವಾ ಆರೋಗ್ಯ ಸಂದೇಶಗಳನ್ನು ನಾವೇ ಧ್ವನಿಮುದ್ರಿಸಿ ಕೊಡುವುದೋ ತಿಳಿಯುತ್ತಿಲ್ಲ.
– ಶಿಕ್ಷಕಿ, ಕೊಪ್ಪ ತಾಲ್ಲೂಕು

ಉತ್ತರ: ಮೂರರಲ್ಲಿ ಯಾವುದೂ ತಪ್ಪಲ್ಲ. ಆದರೆ ನನ್ನನ್ನು ಕೇಳಿದರೆ, ನಿಮ್ಮ ಹಣದ ದೊಡ್ಡ ಪಾಲು ಕಾಲೊನಿಯಿಂದಲೇ ಬಂದು ಮೈಕಿನ ಮುಂದೆ ಕೂರುವ ಇಬ್ಬರು ಮೂವರ ಸಂಬಳಕ್ಕೆ ಹೋಗಬೇಕು. ಯಂತ್ರವನ್ನು ಯಾರಾದರೂ ದಾನ ಕೊಡುತ್ತಾರೆ, ಅದರ ಮೇಲೆ ದಾನಿಗಳ ಹೆಸರೂ ಇರುತ್ತದೆ. ಆದರೆ ಕಾಫಿ ಹಣ್ಣು ಕೊಯ್ಯುವ ಸುಗ್ಗಿಯಲ್ಲಿ ದಿನಗೂಲಿಯನ್ನು ಬಿಟ್ಟು ಬಂದು, ಮೂರು ಗಂಟೆ ಕುಳಿತು, ತನ್ನವರ ಮಾತಿನಲ್ಲಿ ಕಾರ್ಯಕ್ರಮ ಮಾಡುವ ಹೆಣ್ಣುಮಗಳಿಗೆ ಯಾರೂ ಕೂಲಿ ಕೊಡುವುದಿಲ್ಲ. ಅದನ್ನು ಸೇವೆ ಎಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಆಕೆಗೆ ತೋಟದ ದಿನಗೂಲಿಗೆ ಕಡಿಮೆಯಿಲ್ಲದಂತೆ ಗೌರವಧನ ಸಿಗಬೇಕು, ಅದೂ ಕಾಯಿಲೆಯ ತಿಂಗಳುಗಳಲ್ಲಷ್ಟೇ ಅಲ್ಲ, ವರ್ಷವಿಡೀ ಸಿಗಬೇಕು. ಮಳೆಗಾಲದಲ್ಲಿ ಹಾಡು, ಕೃಷಿ, ಮಕ್ಕಳ ಓದಿನ ಬಗ್ಗೆ ಮಾತನಾಡಿ ಪರಿಚಿತವಾದ ದನಿಯನ್ನೇ ಜನ ಡಿಸೆಂಬರಿನಲ್ಲಿ ನಂಬುತ್ತಾರೆ. ಕಾಯಿಲೆ ಬಂದ ಮೇಲೆ ಮೊದಲ ಬಾರಿಗೆ ಕೇಳಿಸುವ ದನಿಯನ್ನು ನಂಬಲು ಅವರಿಗೆ ಕಾರಣವೇ ಇರುವುದಿಲ್ಲ.

ಸಂದೇಶಗಳನ್ನು ನೀವೇ ಧ್ವನಿಮುದ್ರಿಸಿ ಕೊಡುವ ವಿಚಾರದಲ್ಲಿ ಸ್ವಲ್ಪ ತಡೆದು ಯೋಚಿಸಿ ಎಂದು ಕೋರುತ್ತೇನೆ. ಕೆಲವು ವರ್ಷಗಳ ಹಿಂದೆ ಆರೋಗ್ಯ ಸಿಬ್ಬಂದಿಯ ಜೊತೆ ಮಲೆನಾಡಿನ ಒಂದು ಕಾಲೊನಿಗೆ ಹೋಗಿದ್ದೆ. ಧ್ವನಿವರ್ಧಕ ಕಟ್ಟಿದ ಜೀಪು ‘ಕಾಡಿಗೆ ಹೋಗಬೇಡಿ, ದರಗೆಲೆ ತರಬೇಡಿ’ ಎಂದು ಕೂಗಿಕೊಂಡು ರಸ್ತೆಯಲ್ಲಿ ಹಾದುಹೋಯಿತು. ಒಲೆಯ ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು ನನ್ನನ್ನು ಕೇಳಿದ್ದು ಒಂದೇ ಮಾತು: ‘ಸೌದೆ ಯಾರು ತಂದು ಕೊಡ್ತಾರೆ?’ ಆ ಜೀಪಿಗೆ ಈ ಪ್ರಶ್ನೆ ಕೇಳಿಸಲಿಲ್ಲ, ಕೇಳಿಸುವ ವ್ಯವಸ್ಥೆಯೂ ಅದಕ್ಕಿರಲಿಲ್ಲ. ಅದೇ ವಿಷಯವನ್ನು ಆ ಕಾಲೊನಿಯವರೇ ಹೇಳಿದ್ದರೆ ಬೇರೆ ರೀತಿ ಹೇಳುತ್ತಿದ್ದರು. ಕಾಡಿಗೆ ಹೋಗದೆ ನಮಗೆ ಗತಿಯಿಲ್ಲ, ಹೋಗುವ ಮುನ್ನ ಉಣುಗು ಹತ್ತದಂತೆ ಆಸ್ಪತ್ರೆಯಲ್ಲಿ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಮೈ ತುಂಬ ಬಟ್ಟೆ ಹಾಕಿಕೊಳ್ಳಿ, ದರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ, ಮೈಮೇಲೆ ಉಣುಗು ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ ಎನ್ನುತ್ತಿದ್ದರು. ಎರಡೂ ಆರೋಗ್ಯ ಇಲಾಖೆಯ ಮಾತುಗಳೇ, ಆದರೆ ಎರಡನೆಯದರಲ್ಲಿ ಕೇಳುವವರ ಬದುಕು ಇದೆ.

ಇನ್ನೊಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದೇ ಅಲ್ಲಿ ಮಂಗಗಳು ಸಾಯುತ್ತಿದ್ದುದರಿಂದ. ಇಂದಿಗೂ ಕಾಯಿಲೆ ಒಂದು ಕಾಡಿಗೆ ಬಂದಿದೆ ಎಂಬುದರ ಮೊದಲ ಸುಳಿವು ಸತ್ತ ಮಂಗವೇ. ಅದನ್ನು ಮೊದಲು ಕಾಣುವವರು ಜೇನು, ಸೀಗೆ, ಸೌದೆಗಾಗಿ ಕಾಡಿಗೆ ಹೋಗುವ ಹಸಲರು, ಮಲೆಕುಡಿಯರು, ಗೌಡಲು ಸಮುದಾಯದವರು. ಅಂದರೆ ಈ ಕಾಯಿಲೆಯ ವಿಷಯದಲ್ಲಿ ಸುದ್ದಿ ಆಸ್ಪತ್ರೆಯಿಂದ ಕಾಲೊನಿಗೆ ಹೋಗುವುದಕ್ಕಿಂತ ಮೊದಲು ಕಾಲೊನಿಯಿಂದ ಆಸ್ಪತ್ರೆಗೆ ಬರಬೇಕು. ‘ಇಂಥ ಹಳ್ಳದ ಆಚೆ ಮಂಗ ಸತ್ತಿದೆ, ಮುಟ್ಟಿಲ್ಲ’ ಎಂದು ಬೆಳಿಗ್ಗೆ ಬಾನುಲಿ ಕೇಂದ್ರಕ್ಕೆ ಒಂದು ಫೋನು ಬಂದರೆ, ಕೇಂದ್ರದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡು, ಸಂಜೆಯೊಳಗೆ ಆ ದಿಕ್ಕಿಗೆ ಹೋಗುವವರನ್ನು ಎಚ್ಚರಿಸಬಹುದು. ಈ ಕಾಯಿಲೆಗೆಂದೇ ನಿರ್ದಿಷ್ಟ ಔಷಧವಿಲ್ಲ, ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಸಾಕಷ್ಟು ಪರಿಣಾಮಕಾರಿಯಲ್ಲವೆಂದು ನಿಲ್ಲಿಸಲಾಗಿದೆ, ಸೋಂಕು ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಜನ ತೀರಿಕೊಳ್ಳುತ್ತಾರೆ. ಇಂಥ ಕಾಯಿಲೆಯಲ್ಲಿ ಒಂದು ದಿನ ಮೊದಲೇ ತಿಳಿಯುವುದಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ನಿಮ್ಮ ಹಣದಲ್ಲಿ ಕೇಂದ್ರಕ್ಕೆ ಕರೆ ಸ್ವೀಕರಿಸುವ ಒಂದು ಫೋನು, ಅದನ್ನು ಹಗಲೆಲ್ಲ ಎತ್ತುವ ಒಬ್ಬ ವ್ಯಕ್ತಿ, ಹಾಗೂ ಮಲೆನಾಡಿನಲ್ಲಿ ಕರೆಂಟು ಹೋದಾಗ ಪ್ರಸಾರ ನಿಲ್ಲದಂತೆ ಒಳ್ಳೆಯ ಬ್ಯಾಟರಿ, ಇವು ಮೊದಲು ಬರಲಿ.

ಇಷ್ಟಕ್ಕೂ ಮುನ್ನ, ನಿಮ್ಮ ಊರಿನಲ್ಲಿ ಯಾವ ಕೇಂದ್ರ ಕೇಳಿಸುತ್ತದೆ ಎಂಬುದನ್ನು ರೇಡಿಯೊ ಹಾಕಿ ನೋಡಿ, ಕಾಲೊನಿಯೊಳಗೇ ನಿಂತು ನೋಡಿ. ಯಾವುದೂ ಕೇಳಿಸದಿದ್ದರೆ ನಿಮ್ಮ ಹಣಕ್ಕೆ ಬೇರೆ ದಾರಿ ಹುಡುಕಬೇಕಾಗುತ್ತದೆ. ಛತ್ತೀಸಗಢದಲ್ಲಿ 2010ರಲ್ಲಿ ಆರಂಭವಾದ ‘ಸಿಜಿನೆಟ್ ಸ್ವರ’ ಎಂಬ ಫೋನ್ ಸುದ್ದಿಜಾಲದಲ್ಲಿ ಆದಿವಾಸಿಗಳು ಫೋನಿನಿಂದ ಮಿಸ್ಡ್ ಕಾಲ್ ಕೊಟ್ಟು, ಮರಳಿ ಬಂದ ಕರೆಯಲ್ಲಿ ಗೊಂಡಿ ಭಾಷೆಯಲ್ಲೂ ತಮ್ಮ ಸುದ್ದಿಯನ್ನು ಹೇಳುತ್ತಾರೆ, ಕೇಳುತ್ತಾರೆ. ಅದಕ್ಕೆ ಗೋಪುರವೂ ಬೇಡ, ಪರವಾನಗಿಯೂ ಬೇಡ. ಕಾಲೊನಿಯಲ್ಲಿ ಒಂದು ಮೂಲೆಯಲ್ಲಾದರೂ ನೆಟ್‌ವರ್ಕ್ ಸಿಗಬೇಕು, ಅಷ್ಟೆ. ನೀವು ಶಿಕ್ಷಕಿಯಾದ್ದರಿಂದ ಇದನ್ನು ಶಾಲೆಯ ಮಕ್ಕಳಿಂದಲೇ ಚಿಕ್ಕದಾಗಿ ಆರಂಭಿಸಬಹುದು.

ಪ್ರಶ್ನೆ: ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ದೇಶವಿದೇಶ ತಿರುಗಿ ವ್ಯಾಪಾರ ಮಾಡುವವರು ಅವರು. ಹಾಗಿರುವಾಗ ಕೊರೊನಾದಂಥ ಸಂದರ್ಭದಲ್ಲಿ ಬೇರೆ ಭಾಷೆಯಲ್ಲಿ ಕಾರ್ಯಕ್ರಮ ಮಾಡುವುದು ಶ್ರಮ ವ್ಯರ್ಥ ಮಾಡಿದಂತಲ್ಲವೇ?
– ನಿವೃತ್ತ ಸರ್ಕಾರಿ ನೌಕರ, ಬೇಲೂರು

ಉತ್ತರ: ಕನ್ನಡ ಬರುತ್ತದೆ ನಿಜ. ಹಾಗೆ ನೋಡಿದರೆ ಹಕ್ಕಿಪಿಕ್ಕಿಗಳಿಗೆ ಇನ್ನೂ ಹಲವು ಭಾಷೆಗಳು ಬರುತ್ತವೆ. ಆದರೆ ವ್ಯಾಪಾರಕ್ಕೆ ಬರುವ ಭಾಷೆ ಒಂದು, ಮಗು ಜ್ವರದಿಂದ ನರಳುವಾಗ ಮನೆಯೊಳಗೆ ಆಡುವ ಭಾಷೆ ಇನ್ನೊಂದು. ಆ ಮನೆಯ ಭಾಷೆ ವಾಗ್ರಿಬೋಲಿ. ವ್ಯಾಪಾರಕ್ಕೆ ಹೋಗುವವರು ಪ್ರಾಯದವರು. ಮನೆಯಲ್ಲಿ ಉಳಿಯುವ ಅಜ್ಜಿ ತಾತಂದಿರಿಗೆ ವೈದ್ಯಕೀಯ ಕನ್ನಡ ಎಷ್ಟು ಅರ್ಥವಾಗುತ್ತದೆ ಎಂಬುದನ್ನು ಒಮ್ಮೆ ಯೋಚಿಸಿ. ‘ಸಾಮಾಜಿಕ ಅಂತರ’ ಎಂಬ ಮಾತು ಕೊರೊನಾ ಕಾಲದಲ್ಲಿ ಎಲ್ಲೆಲ್ಲೂ ಕೇಳಿಬಂತು. ಶತಮಾನಗಳಿಂದ ದೂರ ನಿಲ್ಲಿಸಲ್ಪಟ್ಟ ಸಮುದಾಯದ ಕಿವಿಗೆ ಆ ಮಾತು ಹೇಗೆ ಕೇಳಿಸಿರಬಹುದು? ಅದನ್ನು ‘ಒಬ್ಬರಿಗೊಬ್ಬರು ಆರು ಅಡಿ ಬಿಟ್ಟು ಕೂತ್ಕೊಳ್ಳಿ, ಉಸಿರು ತಾಗಬಾರದು’ ಎಂದು ತನ್ನ ಮಾತಿನಲ್ಲಿ ಹೇಳಬಲ್ಲವರು ಆ ಸಮುದಾಯದೊಳಗಿನವರೇ. ಭಾಷೆ ಎಂದು ನಾನು ಹೇಳುತ್ತಿರುವುದು ಕೇವಲ ಶಬ್ದಗಳ ಅನುವಾದವನ್ನಲ್ಲ; ಏನನ್ನು ಹೇಳಬೇಕು, ಯಾರ ಬಾಯಿಂದ ಹೇಳಿಸಬೇಕು, ಯಾವುದನ್ನು ಹೇಳಬಾರದು ಎಂಬ ವಿವೇಕವೂ ಅದರಲ್ಲಿ ಸೇರಿದೆ.

ಅಮೆರಿಕದ ನವಾಹೋ ಬುಡಕಟ್ಟಿನವರಿಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಆದರೂ 2020ರ ಮೇ ತಿಂಗಳಲ್ಲಿ, ಜನಸಂಖ್ಯೆಗೆ ಹೋಲಿಸಿದರೆ ನ್ಯೂಯಾರ್ಕ್ ರಾಜ್ಯವನ್ನೂ ಮೀರಿಸುವಷ್ಟು ಸೋಂಕು ಅವರ ನೆಲದಲ್ಲಿ ಹಬ್ಬಿದಾಗ, ಅರಿಜೋನಾದ ವಿಂಡೋ ರಾಕ್‌ನಲ್ಲಿರುವ ಅವರದೇ ಕೆಟಿಎನ್ಎನ್ ಬಾನುಲಿ ನವಾಹೋ ಭಾಷೆಯಲ್ಲಿ ಮಾಹಿತಿ ಕೊಟ್ಟಿತು. ಅಲ್ಲಿ ಮನೆಮನೆಗಳ ನಡುವೆ ಮೈಲುಗಟ್ಟಲೆ ಅಂತರ, ಬಹಳಷ್ಟು ಮನೆಗಳಿಗೆ ನಲ್ಲಿನೀರಿಲ್ಲ, ಅಂತರ್ಜಾಲವೂ ದುರ್ಬಲ. ‘ಆಗಾಗ ಕೈ ತೊಳೆಯಿರಿ’ ಎಂದು ಹೇಳುವ ಮುನ್ನ ‘ನೀರು ಎಲ್ಲಿ ಸಿಗುತ್ತದೆ’ ಎಂದು ಹೇಳಬೇಕಾದ ನಾಡು ಅದು. ನಮ್ಮಲ್ಲೂ ಉದಾಹರಣೆಗಳಿವೆ. ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ 90.8ರ ಕೇಳುಗರಲ್ಲಿ ಜೇನುಕುರುಬರು, ಯರವರು, ಸೋಲಿಗರು ಇದ್ದಾರೆ. ಪಕ್ಕದ ವಯನಾಡಿನ ‘ರೇಡಿಯೊ ಮಾಟ್ಟೊಲಿ’ ಅಲ್ಲಿನ ಆದಿವಾಸಿಗಳ ಭಾಷೆಗಳಲ್ಲಿ ಕಾರ್ಯಕ್ರಮಗಳನ್ನು ಮಾಡುತ್ತದೆ. ಅಲ್ಲಿ ಯಾರೂ ಅದನ್ನು ಶ್ರಮ ವ್ಯರ್ಥವೆಂದು ಎಣಿಸಿಲ್ಲ.

ಪ್ರಶ್ನೆ: ನಮ್ಮ ಭಾಗದ ಕೆಲವು ಬೆಳೆಗಾರರು ಸೇರಿ ತೋಟದ ಲೈನ್ ಮನೆಗಳ ಕಾರ್ಮಿಕರಿಗೂ ಸುತ್ತಲಿನ ಗಿರಿಜನರಿಗೂ ಅನುಕೂಲವಾಗುವಂತೆ ಒಂದು ಸಮುದಾಯ ಬಾನುಲಿ ಕೇಂದ್ರ ತೆರೆಯಬೇಕೆಂದಿದ್ದೇವೆ. ಮುಂದಿನ ಸೀಸನ್ನಿನೊಳಗೆ ಆರಂಭಿಸಬಹುದೇ? ನಿಯಮಗಳೇನು?
– ಕಾಫಿ ಬೆಳೆಗಾರ, ಸಕಲೇಶಪುರ

ಉತ್ತರ: ನಿಮ್ಮ ಆಶಯ ದೊಡ್ಡದು. ಆದರೆ ಮುಂದಿನ ಸೀಸನ್ನಿನೊಳಗೆ ಸಾಧ್ಯವಿಲ್ಲವೆಂದೇ ಎಣಿಸಿಕೊಳ್ಳಿ. ವ್ಯಕ್ತಿಗಳಿಗೂ ಲಾಭದ ಕಂಪನಿಗಳಿಗೂ ಪರವಾನಗಿ ಸಿಗುವುದಿಲ್ಲ. ಶಿಕ್ಷಣ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ, ಅಥವಾ ಆ ಪ್ರದೇಶದಲ್ಲಿ ಈಗಾಗಲೇ ಕೆಲಸ ಮಾಡಿ ತೋರಿಸಿರುವ ನೋಂದಾಯಿತ ಲಾಭರಹಿತ ಸಂಸ್ಥೆಯೇ ಅರ್ಜಿ ಹಾಕಬೇಕು. ಅರ್ಜಿ ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಹೋಗಿ, ಬೇರೆ ಸಚಿವಾಲಯಗಳ ಒಪ್ಪಿಗೆ ಪಡೆದು, ತರಂಗಾಂತರದ ಹಂಚಿಕೆಯಾಗಿ ಬರುವಷ್ಟರಲ್ಲಿ ತಾಳ್ಮೆ ಪರೀಕ್ಷೆಯಾಗುತ್ತದೆ. ಸಾಂಕ್ರಾಮಿಕ ಬಂದ ಮೇಲೆ ಬಾನುಲಿ ಕಟ್ಟಲು ಹೊರಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ಎಂಬ ಗಾದೆಯ ಅರ್ಥ ನನಗೆ ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವಾಟ್‌ಗೆ ಸೀಮಿತ, ಗೋಪುರದ ಎತ್ತರ 30 ಮೀಟರ್ ಮೀರುವಂತಿಲ್ಲ. ಬಯಲುಸೀಮೆಯಲ್ಲಾದರೆ ಇದು ಹತ್ತು ಹದಿನೈದು ಕಿಲೋಮೀಟರ್ ಹೋಗುತ್ತದೆ. ಸಕಲೇಶಪುರದಂಥ ಕಡೆ ಎಫ್ಎಂ ತರಂಗ ಗುಡ್ಡವನ್ನು ದಾಟಿ ಕಣಿವೆಗೆ ಇಳಿಯುವುದಿಲ್ಲ. ನಿಮ್ಮ ತೋಟದಲ್ಲಿ ಗಂಟೆ ಹೊಡೆದಂತೆ ಕೇಳುವ ಕೇಂದ್ರ ಪಕ್ಕದ ಕಣಿವೆಯ ಲೈನ್ ಮನೆಯಲ್ಲಿ ಬರೀ ಸದ್ದಾಗಬಹುದು. ಆದ್ದರಿಂದ ಜಾಗದ ಆಯ್ಕೆ ಕಾಗದದ ನಕ್ಷೆಯ ಮೇಲಲ್ಲ, ನೆಲದ ಮೇಲೆ ನಡೆದು ಆಗಬೇಕು. ಶಕ್ತಿ ಕಡಿಮೆಯೆಂದು ಹಿಂಜರಿಯಬೇಡಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅವರ ಬಳಿ ಇದ್ದುದು 30 ವಾಟ್‌ನ ಯಂತ್ರ ಮಾತ್ರ.

ನಿಯಮಗಳಲ್ಲಿ ನಾನು ಒತ್ತಿ ಹೇಳಬೇಕಾದದ್ದು ಒಂದಿದೆ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯ ಸಮುದಾಯದ ಪಾಲುಗಾರಿಕೆಯಿಂದ ತಯಾರಾಗಬೇಕು. ಅದನ್ನು ನೀವು ನಿಯಮವೆಂದು ನೋಡದೆ ಅಡಿಪಾಯವೆಂದು ನೋಡಿ. ನಡೆಸುವ ಸಮಿತಿಯಲ್ಲಿ ತೋಟದ ಮಾಲೀಕರು, ಕೂಲಿ ಲೆಕ್ಕ ಬರೆಯುವ ರೈಟರುಗಳು ಮಾತ್ರ ಕುಳಿತರೆ, ಲೈನ್ ಮನೆಯ ಹೆಂಗಸೊಬ್ಬಳು ‘ನಮಗೆ ಡೆಪಾ ಎಣ್ಣೆ ಕೊಟ್ಟಿಲ್ಲ’ ಎಂದು ಆ ಬಾನುಲಿಯಲ್ಲಿ ಹೇಳುವುದು ಕಷ್ಟ. ತೆಲಂಗಾಣದ ಜಹೀರಾಬಾದ್ ಬಳಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತಮಹಿಳೆಯರು ನಡೆಸುವ ‘ಸಂಘಂ ರೇಡಿಯೊ’ 2008ರ ಅಕ್ಟೋಬರ್ 15ರಂದು ಆರಂಭವಾಯಿತು. ಅದನ್ನು ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್. ವಾಯುತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಾಗ ಆ ಪೀಠದಲ್ಲಿದ್ದವರು ಅವರೇ. ಆ ಮಹಿಳೆಯರ ಕೈಯಲ್ಲಿ ಯಂತ್ರವಷ್ಟೇ ಅಲ್ಲ, ಏನು ಪ್ರಸಾರವಾಗಬೇಕೆಂಬ ತೀರ್ಮಾನವೂ ಇದೆ.

ಹಣದ ಮಾತು: 2020ರ ಮೇ 22ರಂದು ಅಂದಿನ ವಾರ್ತಾ ಮತ್ತು ಪ್ರಸಾರ ಸಚಿವ ಪ್ರಕಾಶ್ ಜಾವಡೇಕರ್ ಅವರು ದೇಶದ ಸಮುದಾಯ ಬಾನುಲಿಗಳೆಲ್ಲದರಲ್ಲೂ ಏಕಕಾಲಕ್ಕೆ ಮಾತನಾಡಿ, ಜಾಹೀರಾತಿನ ಸಮಯವನ್ನು ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿಸುವ ಪ್ರಸ್ತಾವವಿದೆ ಎಂದರು. ಅದು ಕೈಗೂಡಿದ್ದು 2024ರ ಫೆಬ್ರುವರಿಯಲ್ಲಿ. ಸರ್ಕಾರಿ ಜಾಹೀರಾತಿನ ದರವೂ ಆಗ 10 ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತು. ಕೊರೊನಾದ ಕಷ್ಟಕಾಲದಲ್ಲಿ ಕೇಂದ್ರಗಳಿಗೆ ಬೇಕಿದ್ದ ನೆರವು ನಾಲ್ಕು ವರ್ಷ ತಡವಾಯಿತು ಎಂಬ ನೋವು ನನಗಿದೆ. ನಿಮ್ಮ ಕೇಂದ್ರಕ್ಕೆ ಪರವಾನಗಿ ಬರುವವರೆಗೆ, ಈಗಾಗಲೇ ಇರುವ ಹತ್ತಿರದ ಕೇಂದ್ರದಲ್ಲಿ ವರ್ಷಪೂರ್ತಿ ಒಂದು ಸಣ್ಣ ಜಾಹೀರಾತನ್ನು ಕೊಂಡರೂ ಅದು ದಾನಕ್ಕಿಂತ ಗೌರವದ ನೆರವಾಗುತ್ತದೆ.

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ಅಥವಾ ಇಂಥ ಕಾಲೊನಿಯಲ್ಲಿ ಇಷ್ಟು ಜನಕ್ಕೆ ಕಾಯಿಲೆ ಬಂದಿದೆ ಎಂದು ಸಮುದಾಯ ಬಾನುಲಿಯಲ್ಲಿ ಹೇಳಬಹುದೇ? ಸುದ್ದಿ ಪ್ರಸಾರಕ್ಕೆ ಅನುಮತಿ ಇಲ್ಲ ಎನ್ನುತ್ತಾರಲ್ಲ?
– ಆಶಾ ಕಾರ್ಯಕರ್ತೆ, ಮೂಡಿಗೆರೆ ತಾಲ್ಲೂಕು

ಉತ್ತರ: ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿಯಿಲ್ಲ, ಆಕಾಶವಾಣಿಯ ಸುದ್ದಿಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದು. ಆದರೆ ಸ್ಥಳೀಯ ಆಡಳಿತ ನೀಡುವ ಆರೋಗ್ಯದ ಎಚ್ಚರಿಕೆ, ನೀರು, ವಿದ್ಯುತ್, ಪ್ರಕೃತಿ ವಿಕೋಪದ ಪ್ರಕಟಣೆಗಳು ಈ ನಿಷೇಧದೊಳಗೆ ಬರುವುದಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಯನ್ನು ವಾರಕ್ಕೊಮ್ಮೆ ಕೇಂದ್ರಕ್ಕೆ ಕರೆಸಿ, ಕೇಳುಗರ ಪ್ರಶ್ನೆಗಳಿಗೆ ಅವರಿಂದಲೇ ಉತ್ತರಿಸುವಂತೆ ಮಾಡಿದರೆ, ಔಷಧಿಯ ಮಾತು ತಾನಾಗಿಯೇ ಬರುತ್ತದೆ. ಕೇಳಿದವರು ಕಾಲೊನಿಯವರು, ಉತ್ತರಿಸಿದವರು ಅಧಿಕಾರಿಗಳು. ಕೇಂದ್ರ ನಡುವೆ ಕುಳಿತಿರುತ್ತದೆ.

ಇಂಥ ಕಾಲೊನಿಯಲ್ಲಿ ಇಷ್ಟು ಜನ ಎಂದು ಹೆಸರು ಹಿಡಿದು ಹೇಳುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಉಣುಗಿನಿಂದ ಬರುತ್ತದೆ. ಆದರೂ ಕಾಲೊನಿಯ ಹೆಸರು ಹೊರಬಿದ್ದರೆ ಮರುದಿನ ಅಲ್ಲಿಯವರನ್ನು ಕೆಲಸಕ್ಕೆ ಕರೆಯದಿರುವ ತೋಟಗಳು ಇರುತ್ತವೆ. ಯಾವ ಕಾಡಿನ ದಿಕ್ಕಿನಲ್ಲಿ ಎಚ್ಚರ ಬೇಕು ಎಂಬುದನ್ನು ಹೇಳಿ, ಯಾರಿಗೆ ಜ್ವರ ಬಂತು ಎಂಬುದನ್ನು ಬಿಡಿ.

ಸುದ್ದಿಯ ನಿಷೇಧ ನಮಗೆ ಇಕ್ಕಟ್ಟೆನಿಸಿದರೂ, ಪರವಾನಗಿಯ ಬಾಗಿಲೇ ತೆರೆಯದ ದೇಶಗಳಿವೆ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಮೂಲನಿವಾಸಿಗಳಾದ ಮಾಯಾ ಸಮುದಾಯದ ಬಾನುಲಿಗಳಿಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಸುಂಪಾಂಗೊ ಎಂಬ ಊರಿನ ‘ರೇಡಿಯೊ ಇಷ್ಚೆಲ್’ ಮೇಲೆ 2006ರಲ್ಲಿ ಪೊಲೀಸರು ದಾಳಿ ಮಾಡಿ ಉಪಕರಣ ಹೊತ್ತೊಯ್ದರು. ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ 2021ರಲ್ಲಿ ಆ ಸಮುದಾಯದ ಪರವಾಗಿ ತೀರ್ಪು ನೀಡಿತು. ಆ ತೀರ್ಪಿಗೆ ಮೊದಲೇ, 2020ರಲ್ಲಿ, ಕಲ್ಚರಲ್ ಸರ್ವೈವಲ್ ಎಂಬ ಸಂಸ್ಥೆ ಕೊರೊನಾ ಮಾಹಿತಿಯನ್ನು ಮೂಲನಿವಾಸಿಗಳ ಹಲವು ಭಾಷೆಗಳಲ್ಲಿ ಮಾಡಿಸಿ ಅಂಥ ಬಾನುಲಿಗಳಿಗೆ ಹಂಚಿತ್ತು. ಕಾನೂನಿನ ಕಣ್ಣಿಗೆ ಇಲ್ಲದಿದ್ದ ಕೇಂದ್ರಗಳೂ ಆ ದಿನಗಳಲ್ಲಿ ತಮ್ಮ ಜನರ ಆರೋಗ್ಯದ ಹೊಣೆ ಹೊತ್ತವು.

ಪ್ರಶ್ನೆ: ನಮ್ಮ ಅಟ್ಟದ ಮೇಲೆ ಹಳೆಯ ಟ್ರಾನ್ಸಿಸ್ಟರುಗಳು ಮೂರು ನಾಲ್ಕು ಇವೆ. ಗಿರಿಜನ ಕಾಲೊನಿಗೆ ಕೊಟ್ಟರೆ ಉಪಯೋಗವಾಗುತ್ತದೆಯೇ?
– ಗೃಹಿಣಿ, ಬಾಳೆಹೊನ್ನೂರು

ಉತ್ತರ: ಆಗಬಹುದು, ಆದರೆ ಕೊಡುವ ಮುನ್ನ ಸ್ಟೇಷನ್ ತೋರಿಸುವ ಮುಳ್ಳಿನ ಹಿಂದಿನ ಅಂಕಿಗಳ ಪಟ್ಟಿಯನ್ನು ನೋಡಿ. ಸಮುದಾಯ ಬಾನುಲಿಗಳೆಲ್ಲ ಎಫ್ಎಂನಲ್ಲಿವೆ. ಮಧ್ಯಮ ತರಂಗ, ಕಿರು ತರಂಗ ಮಾತ್ರ ಇರುವ ಹಳೆಯ ಸೆಟ್ಟಿನಲ್ಲಿ ಅವು ಬರುವುದಿಲ್ಲ. 88ರಿಂದ 108ರವರೆಗೆ ಅಂಕಿಗಳಿರುವ ಪಟ್ಟಿ ಇದ್ದರೆ ಸರಿ. ಏರಿಯಲ್ ಮುರಿದಿದ್ದರೆ ಕಟ್ಟಿಸಿ, ಸೆಲ್ಲು ಹಾಕುವ ಡಬ್ಬಿಯಲ್ಲಿ ತುಕ್ಕು ಹಿಡಿದಿದ್ದರೆ ಒರೆಸಿ, ಪ್ರತಿ ಸೆಟ್ಟಿನ ಜೊತೆ ಎರಡು ಜೊತೆ ಹೊಸ ಸೆಲ್ಲುಗಳನ್ನು ಕೊಡಿ. ಸಾಧ್ಯವಾದರೆ ಕಾಲೊನಿಗೆ ನೀವೇ ಹೋಗಿ, ಅಲ್ಲಿಯ ಅಂಗನವಾಡಿಯ ಕಿಟಕಿಯ ಬಳಿ ಇಟ್ಟು, ಯಾವ ಮೂಲೆಯಲ್ಲಿ ಕೇಂದ್ರ ಸ್ಪಷ್ಟವಾಗಿ ಕೇಳುತ್ತದೆ ಎಂಬುದನ್ನು ನೋಡಿಕೊಂಡು ಬನ್ನಿ. ಹೋಗುವ ದಿನ ಡಿಸೆಂಬರಿಗಿಂತ ಮೊದಲಿನದಾಗಿರಲಿ.